ಜಾಣವ್ವ ಮತ್ತು ರೊಟ್ಟಿ ಹಂಚು

ನನ್ನ ಅಕ್ಕನ ಗಂಡ ಚನ್ನಮಲ್ಲಪ್ಪ ಮಾಮಾ ದೂರವಾಣಿ ಇಲಾಖೆಯಿಂದ ನಿವೃತ್ತರಾದರೂ ಅವರ ಕೈಯ ಸ್ಕ್ರೂಡ್ರೈವರ್ ನಿವೃತ್ತವಾಗಲಿಲ್ಲ. ಒಂದು ಸೋಮವಾರ ಅವರು ದಿಬ್ಬದ ಮೇಲಿನ ಹೈಸ್ಕೂಲ್ ಮೈದಾನಕ್ಕೆ ಹಳೇ ಹಾಲಿನ ವ್ಯಾನೊಂದನ್ನು ತಂದು ನಿಲ್ಲಿಸಿ, ತಹಶೀಲ್ದಾರ್ ಮೇಡಂ ಎದುರು ಅದರ ಬಾಗಿಲು ತೆರೆದರು. ಒಳಗೆ ತಂತಿಗಳ ಕಾಡು, ಮೇಲೆ ಎಂಟು ಆಂಟೆನಾ, ನಾಲ್ಕು ಧ್ವನಿವರ್ಧಕ.

ವ್ಯಾನಿನ ಹೆಸರು ಜಾಣವ್ವ. ಪ್ರವಾಹ ಬಂದು ಮೊಬೈಲ್ ಟವರುಗಳು ಕೈಕೊಟ್ಟರೆ ಊರಿನ ಫೋನುಗಳೆಲ್ಲ ಇದರ ಮೂಲಕ ಮಾತಾಡುತ್ತವೆ. ಫೋನು ಜೇಬಿನಲ್ಲಿದ್ದರೂ ಸಾಕು, ಸುತ್ತಲಿನ ಮಾತು ಹಿಡಿಯುತ್ತದೆ. ನೂರು ಜನ ಒಟ್ಟಿಗೆ ಕೂಗಿಕೊಂಡರೆ ಜಾಣವ್ವ ದನಿಯ ಕಾವನ್ನು ಅಳೆದು ಸರದಿ ಹಚ್ಚುತ್ತಾಳೆ. ಎಲ್ಲಕ್ಕಿಂತ ತುರ್ತಿನದನ್ನು ಊರಿಗೆಲ್ಲ ಕೇಳಿಸುತ್ತಾಳೆ. ಹಾಗೆಂದು ಮಾಮಾ ಎದೆಯುಬ್ಬಿಸಿ ವಿವರಿಸಿದರು.

ಪರೀಕ್ಷೆಗೆಂದು ಅಗ್ನಿಶಾಮಕ ದಳದವರೊಬ್ಬರು ಚೀಟಿ ನೋಡಿಕೊಂಡು, “ಮನೆಗೆ ಬೆಂಕಿ ಬಿದ್ದಿದೆ, ಕಾಪಾಡಿ” ಎಂದು ಓದಿದರು. ಜಾಣವ್ವ ಅವರಿಗೆ ನಲವತ್ತೊಂದನೇ ಸರದಿ ಕೊಟ್ಟಳು. ಮೊದಲ ಸರದಿ ಡ್ರಾಯಿಂಗ್ ಮಾಸ್ತರರ ಮನೆಗೆ ಹೋಯಿತು. ಅಲ್ಲಿ ಶೇಂಗಾ ಚಟ್ನಿಯ ಡಬ್ಬಿ ಬರಿದು ಮಾಡಿದವರು ಯಾರು ಎಂಬ ವಿಚಾರಣೆ ನಡೆದಿತ್ತು. ಅದು ಪೂರ್ತಿ ಮೈದಾನಕ್ಕೆ ಕೇಳಿಸಿತು. ಮಾಸ್ತರರು ಅಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದರು.

ಮೇಡಂ ನಗು ತಡೆದುಕೊಂಡು, ಇದನ್ನು ಇನ್ನಷ್ಟು ತಿದ್ದಬೇಕು ಎಂದರು. ಮಾಮಾ ಒಪ್ಪಲಿಲ್ಲ. ಯಂತ್ರದಲ್ಲಿ ದೋಷವಿಲ್ಲ, ಅಗ್ನಿಶಾಮಕದವರಿಗೆ ಗಾಬರಿಯಾಗಲು ಬರುವುದಿಲ್ಲ ಎಂಬುದು ಅವರ ವಾದ.

ಗುರುವಾರ ಬೆಳಿಗ್ಗೆ ಅಣೆಕಟ್ಟಿನಿಂದ ನೀರು ಬಿಟ್ಟರು. ಹತ್ತು ಗಂಟೆಗೆ ಕರೆಂಟೂ ಟವರೂ ಒಟ್ಟಿಗೆ ಹೋದವು. ನಾನು ಪಂಚಾಯಿತಿಯ ಗುಮಾಸ್ತ. ನದಿ ದಂಡೆಯ ಹೊಳಿ ಓಣಿಯ ಅರವತ್ತು ಮನೆಗಳನ್ನು ಖಾಲಿ ಮಾಡಿಸುವ ಕೆಲಸ ನನ್ನ ತಲೆಗೆ ಬಿತ್ತು. ಬಾಗಿಲು ಬಾಗಿಲಿಗೆ ಹೋಗಿ ಕೈಮುಗಿದೆ. ಒಬ್ಬರೂ ಏಳಲಿಲ್ಲ. ಓಣಿಗೆ ಹಿರಿಯರಾದ ಹುಸೇನಸಾಬರು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು.

“ನೀರು ಈ ಕಟ್ಟೀ ಮೂರನೇ ಮೆಟ್ಟಲಕ್ಕ ಬಂದು ನಿಂದರತೈತಿ ತಮ್ಮಾ. ವರ್ಷಾ ವರ್ಷಾ ನೋಡೇನಿ,” ಎಂದರು.

ನೀರು ಆಗಲೇ ಎರಡನೇ ಮೆಟ್ಟಿಲಲ್ಲಿತ್ತು.

ನಾನು ಏದುಸಿರು ಬಿಡುತ್ತ ದಿಬ್ಬ ಹತ್ತಿದೆ. ಮೇಡಂ ಜಾಣವ್ವನ ಮೈಕ್ ಹಿಡಿದು, “ಸಾರ್ವಜನಿಕರ ಗಮನಕ್ಕೆ” ಎಂದು ಶುರು ಮಾಡಿದ್ದರು. ಯಂತ್ರ ಅವರಿಗೆ ಅರವತ್ತೆರಡನೇ ಸರದಿ ಕೊಟ್ಟಿತ್ತು. ದನಿ ಏರಿಸಿದರು, ಐವತ್ತೆಂಟಕ್ಕೆ ಬಂತು. ಮಾಮಾ ವ್ಯಾನಿನಡಿ ಮಲಗಿ ತಂತಿ ಕಿತ್ತು ತಂತಿ ಜೋಡಿಸುತ್ತಿದ್ದರು. ಸ್ಕ್ರೂಡ್ರೈವರ್ ಎರಡು ಸಲ ಕೈಜಾರಿ ಬಿತ್ತು. ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ಮಾಮಾನ ಹೆಂಡತಿ, ನನ್ನ ನೀಲಮ್ಮಕ್ಕ ಬಂದಳು. ಬರಲಿರುವ ನಿರಾಶ್ರಿತರಿಗೆ ಶಾಲೆಯಲ್ಲಿ ರೊಟ್ಟಿ ಬಡಿಯಬೇಕೆಂದು ಮನೆಯಲ್ಲಿ ಹಂಚು ಹುಡುಕಿ ಸಾಕಾಗಿ ಬಂದಿದ್ದಳು. ತಲೆಯೆತ್ತಿದಳು. ವ್ಯಾನಿನ ನೆತ್ತಿಯ ಮೇಲೆ, ಆಕಾಶಕ್ಕೆ ಮುಖ ಮಾಡಿ, ಅವಳ ಹಂಚು ಆಂಟೆನಾ ಆಗಿ ಕೂತಿತ್ತು.

“ನಮ್ಮವ್ವ ಕೊಟ್ಟ ಹಂಚರೀ ಅದು. ಇಪ್ಪತ್ತು ವರ್ಷ ಪಳಗಿಸೇನಿ. ಅದಕ್ಕ ತೂತು ಹೊಡದೀರೇನು?”

ಮಾಮಾ ಕೆಳಗಿನಿಂದಲೇ, “ನಾಕ ತೂತು, ನೀಲಾ. ಸಣ್ಣವು,” ಎಂದರು.

ಜಾಣವ್ವನ ದೀಪಗಳೆಲ್ಲ ಕೆಂಪಾದವು. “ಅತಿ ತುರ್ತು. ಒಂದನೇ ಸರದಿ” ಎಂದು ಘೋಷಿಸಿದಳು. ಮುಂದೆ ಅಕ್ಕ ಆಡಿದ ಒಂದೊಂದು ಮಾತೂ ಧ್ವನಿವರ್ಧಕದಿಂದ, ಹೊಳಿ ಓಣಿಯ ಪ್ರತಿ ಮನೆಯ ಫೋನಿನಿಂದ ಹೊರಟಿತು. ಮದುವೆಯಲ್ಲಿ ಕೊಟ್ಟ ಮಾತು, ಗ್ರಹಣದ ದಿನ ಬಿಚ್ಚಿಹಾಕಿದ ಮಿಕ್ಸರ್, ಅತ್ತೆಯ ಶ್ರವಣಯಂತ್ರದಲ್ಲಿ ಹಿಡಿಸಿದ ಕ್ರಿಕೆಟ್ ವೀಕ್ಷಕ ವಿವರಣೆ, ಎಲ್ಲ ಬಂತು.

ಓಣಿಯ ಬಾಗಿಲುಗಳು ತೆರೆದವು. ಮೊದಲು ಹೆಂಗಸರು, ಕಂಕುಳಲ್ಲಿ ಕೂಸುಗಳೊಡನೆ. ಆಮೇಲೆ ಗಂಡಸರು. ಮಾತು ಮನೆಯಲ್ಲೇ ಕೇಳುತ್ತಿತ್ತು, ಆದರೆ ಮುಖ ನೋಡಬೇಕಲ್ಲ! ಓಣಿಗೆ ಓಣಿಯೇ ದಿಬ್ಬ ಹತ್ತತೊಡಗಿತು. ಮೇಡಂ ನನ್ನ ತೋಳು ಹಿಡಿದು ಪಿಸುಗುಟ್ಟಿದರು: “ಯಾರೂ ಜಗಳ ಬಿಡಿಸಬೇಡಿ.”

ನಾನು ಮನೆ ಎಣಿಸುತ್ತ ನಿಂತೆ. ಐವತ್ತೊಂಬತ್ತು ಬಂದವು. ಹುಸೇನಸಾಬರದು ಬರಲಿಲ್ಲ. ಆಗಲೇ ಮಾಮಾ ಹೊರಗೆ ತೆವಳಿ ಬಂದು, “ತಪ್ಪಾತು, ನೀಲಾ” ಅಂದುಬಿಟ್ಟರು. ಅಕ್ಕನ ದನಿ ಇಳಿಯಿತು. ಕೆಂಪು ದೀಪ ಒಂದೊಂದೇ ಆರತೊಡಗಿದವು. ನನಗೆ ಬೇರೆ ದಾರಿ ಕಾಣಲಿಲ್ಲ.

“ಅಕ್ಕಾ, ತಂತಿ ಸುತ್ತಾಕ ನಿನ್ನ ಇಳಕಲ್ ಸೀರಿ ಸೆರಗ ಕತ್ತರಿಸ್ಯಾರ,” ಎಂದೆ. “ಕತ್ತರಿ ಹಿಡದಾಂವ ನಾನ,” ಎಂದೂ ಸೇರಿಸಿದೆ.

ಆ ನಂತರದ ಹತ್ತು ನಿಮಿಷದ ಬಗ್ಗೆ ಬರೆಯುವುದಿಲ್ಲ. ಹುಸೇನಸಾಬರು ಹೆಂಡತಿಯ ಕೈ ಹಿಡಿದು, ಮೊಣಕಾಲವರೆಗೆ ನೆನೆದು ದಿಬ್ಬದ ಮೇಲೆ ಬಂದು ನನ್ನ ಪರವಾಗಿ ಮಾತಾಡಿದರು ಎಂಬುದಷ್ಟೇ ಮುಖ್ಯ. ಮಧ್ಯಾಹ್ನದ ಹೊತ್ತಿಗೆ ಹೊಳಿ ಓಣಿಯ ಕಿಟಕಿಗಳು ನೀರಿನಲ್ಲಿ ಮುಳುಗಿದವು. ಒಂದು ಜೀವವೂ ಹೋಗಲಿಲ್ಲ. ಮೇಡಂ ಮೈಕ್ ಕೆಳಗಿಟ್ಟು ಶಾಲೆಯ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡರು. ಅಕ್ಕ ಮಾಮಾನಿಗೆ ನೀರು ತಂದುಕೊಟ್ಟಳು.

ಜಾಣವ್ವ ಅಷ್ಟಕ್ಕೇ ಸುಮ್ಮನಾಗಿರಲಿಲ್ಲ. ಸುತ್ತಲಿನ ಊರುಗಳಿಗೆಲ್ಲ ತಾನೇ ಸಂದೇಶ ಕಳಿಸಿದ್ದಳು: ಅತಿ ತುರ್ತು, ಹಂಚು ಹಾಳಾಗಿದೆ. ಸಂಜೆಗೆ ಮೂರು ದೋಣಿ, ಎರಡು ಟ್ರ್ಯಾಕ್ಟರುಗಳಲ್ಲಿ ನೆರವು ಬಂತು. ಇಳಿಸಿ ಎಣಿಸಿದರೆ ಒಟ್ಟು ಇನ್ನೂರ ಹನ್ನೆರಡು ಹಂಚು.

ಹಿಟ್ಟು ಮಾತ್ರ ಯಾರೂ ತಂದಿರಲಿಲ್ಲ.