ಸಾಹುಕಾರರ ಟೈಗರ್ ಓಡಲು ಕಲಿತದ್ದು

ದನದ ಡಾಕ್ಟರಿಗೆ ಪ್ರಾಣಿಗಳಿಂದ ತಾಪತ್ರಯವಿಲ್ಲ. ಪಜೀತಿಯೆಲ್ಲ ಹಗ್ಗದ ಇನ್ನೊಂದು ತುದಿ ಹಿಡಿದವರದು. ಚನ್ನಗಿರಿಯಲ್ಲಿ ನಾನಿದ್ದಷ್ಟು ಕಾಲ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಿತ್ತು. ನಿವೃತ್ತನಾಗಿ ಎರಡು ವರ್ಷವಾಯಿತು. ಬೆಳಗ್ಗೆ ಸುಮ್ಮನೆ ಕೂತರೆ ಆಸ್ಪತ್ರೆಯ ಗದ್ದಲ ನೆನಪಾಗಿ ಮನಸ್ಸು ಹಿಂಡಿದಂತಾಗುತ್ತದೆ. ಅದರಲ್ಲೂ ಅಡಿಕೆ ಸಾಹುಕಾರರು ಮತ್ತು ಅವರ ನಾಯಿ ಟೈಗರ್.

ಬೀದಿ

ಟೈಗರ್ ಹೆಸರಿಗೆ ಹುಲಿ, ಆಕಾರಕ್ಕೆ ಅಡಿಕೆ ಮೂಟೆ. ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಿತ್ತು.

"ಹೀಗೇ ಬಿಟ್ಟರೆ ವರ್ಷ ಉಳಿಯೋದು ಕಷ್ಟ. ದಿನಾ ನಡೆಸಿ" ಎಂದೆ. ಅಡಿಕೆ ರೇಟು ಬಿದ್ದರೂ ಅಳದ ಮನುಷ್ಯ ಕಣ್ಣು ತುಂಬಿಕೊಂಡರು.

ಹದಿನೈದು ದಿನ ಬಿಟ್ಟು ತೂಗಿದರೆ ಎರಡು ಕಿಲೋ ಹೆಚ್ಚು! ನಮ್ಮ ಕಡೆ ಪರಿಚಯದವರು ಬಾಗಿಲ ಮುಂದೆ ಹಾದರೆ ಒಳಗೆ ಕರೆಯದೆ ಬಿಡುವುದಿಲ್ಲ. ಕರೆದರೆ ಹೋಗದೆ ಇರುವಂತಿಲ್ಲ. ಮನೆಮನೆಯಲ್ಲೂ ಇವರಿಗೆ ಚಹಾ, ಟೈಗರ್‌ಗೆ ಬನ್ನು.

"ಎಲ್ಲಿಯವರೆಗೆ ನಡೆಸಿದಿರಿ?"

"ಎಲ್ಲಿ ಸಾರ್, ಇನ್ನೂ ನಮ್ ಬೀದೀನೇ ದಾಟಾಕೆ ಬಿಟ್ಟಿಲ್ಲ!"

ಚೆಂಡು

ಹಾಗಾದರೆ ಹಿತ್ತಲಲ್ಲೇ ಚೆಂಡು ಎಸೆದು ಓಡಿಸಿ ಎಂದೆ. ವಾರದ ನಂತರ ಸಾಹುಕಾರರ ಹೆಂಡತಿಯೇ ಬಂದರು.

"ಹೆಂಗೈತಮ್ಮ ಟೈಗರ್?" ಎಂದೆ.

"ಅದು ಆರಾಮಾಗಿ ಕಟ್ಟೆ ಮೇಲೆ ಮಲಗೈತೆ ಸಾರ್. ಚೆಂಡು ತರಾಕೆ ನಮ್ಮ ಯಜಮಾನ್ರಿಗೆ ಚೆನ್ನಾಗಿ ಕಲಿಸೈತೆ."

ಮಂದೆ

ಆಗ ಬಿಳಿಚೋಡಿನ ಕುರಿಗಾಹಿಯೊಬ್ಬರು ನಲ್ಲೂರಿನ ಹೊಲಗಳಲ್ಲಿ, ಗೊಬ್ಬರಕ್ಕೆಂದು, ಮಂದೆ ನಿಲ್ಲಿಸಿದ್ದರು. ಜಂತಿನ ಔಷಧಿಗೆ ಆಸ್ಪತ್ರೆಗೆ ಬಂದವರು ನಮ್ಮ ಮಾತು ಕೇಳಿಸಿಕೊಂಡು, "ಒಂದ್ ತಿಂಗ್ಳು ನನ್ನ ಕೈಗೆ ಕೊಡ್ರಿ. ನನ್ನ ನಾಯಿಗಳ ಜೋಡಿ ಅಡ್ಡಾಡ್ಲಿ" ಎಂದರು. ಸಾಹುಕಾರರು ಮಗಳನ್ನು ಗಂಡನ ಮನೆಗೆ ಕಳಿಸಿದಂತೆ ಕಳಿಸಿಕೊಟ್ಟರು. ಆ ತಿಂಗಳು ಅವರಿಗೆ ಊಟ ಸೇರಲಿಲ್ಲ. "ಬದುಕಿದ್ರೂ ನನ್ನ ಮರ್ತಿರ್ತೈತೆ ಸಾರ್" ಎನ್ನುತ್ತಿದ್ದರು.

ಕರೆತರಲು ಹೋದಾಗ ನಾನೂ ಜೊತೆಗಿದ್ದೆ. ದೂರದಿಂದ ತೆಳ್ಳಗಿನ ನಾಯಿಯೊಂದು ಬಾಣದಂತೆ ಓಡಿಬಂತು. ಅದೇ ಟೈಗರ್! ಸಾಹುಕಾರರು ಅಪ್ಪಿಕೊಳ್ಳಲು ಕೈ ಚಾಚಿದರು. ಅದು ಅವರ ಸುತ್ತ ಎರಡು ಸುತ್ತು ಹಾಕಿ, ಪಂಚೆಯ ಚುಂಗು ಹಿಡಿದೆಳೆದು, ಹಿಂದಿನಿಂದ ಬೊಗಳಿ ಬೊಗಳಿ ಸೀದಾ ಕುರಿಗಳ ನಡುವೆ ತಂದು ನಿಲ್ಲಿಸಿತು. ತಾನು ಕಾವಲಿಗೆ ಕೂತಿತು.

ನನಗೆ ನಗು ತಡೆಯಲಾಗಲಿಲ್ಲ. ಸಾಹುಕಾರರ ಮುಖ ಮಾತ್ರ ಸಣ್ಣದಾಗಿತ್ತು. "ನಾನು ಯಾರು ಅಂತಾನೇ ಗೊತ್ತಾಗ್ಲಿಲ್ವಲ್ಲ!"

"ಬೇಜಾರ್ ಮಾಡ್ಕಬ್ಯಾಡ್ರಿ ಸಾವ್ಕಾರ್ರೆ," ಎಂದರು ಕುರಿಗಾಹಿ. "ಬ್ಯಾರೇರಾಗಿದ್ರೆ ಅಟ್ಟಿಸ್ಕಂಡು ಹೋಗ್ತಿತ್ತು. ತನ್ನೋರನ್ನ ಮಾತ್ರ ಮಂದೆಗೆ ಸೇರಿಸ್ಕಂತೈತೆ."

ಸಾಹುಕಾರರು ಕುರಿಗಳ ನಡುವೆ ನಿಂತೇ ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲಗೆ ನನ್ನನ್ನು ಕರೆದರು: "ಸಾರ್, ನಿಮ್ ಮಾತು ಅದು ಕೇಳ್ತೈತೇನೋ. ನಾನು ಹೊರಗೆ ಬರ್ಬೌದಾ ಅಂತ ಒಂದ್ಸಲ ಕೇಳ್ರಿ."