ಕಸಿ ಟೇಪು ಸುತ್ತಿ ರೈಫಲ್ ಪರೀಕ್ಷಿಸಿದ್ದು

ನಮ್ಮೂರು ಜಾವಳಿಯ ಸುತ್ತಮುತ್ತ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಪಂಪು, ಸ್ಪ್ರೇಯರ್ ಯಾವುದು ಕೆಟ್ಟರೂ ಬಿಚ್ಚುವವನು ನಾನೇ. ಜೋಡಿಸುವವರು ಬೇರೆ.

ಹೆಂಡತಿ ಸುಜಾತಳ ಬಳಿ ಅವಳಪ್ಪ ಬಿಟ್ಟುಹೋದ ರೈಫಲ್ ಇದೆ. ಲೈಸೆನ್ಸೂ ಅವಳದೇ, ಹಂದಿ ಬಂದಾಗ ಗುಂಡು ಹಾರಿಸುವವಳೂ ಅವಳೇ. ಅಪ್ಪನ ಗುರುತಾಗಿ ಅವಳಿಗೆ ಉಳಿದಿದ್ದು ಅದೊಂದೇ. ಮರುದಿನ ಮಧ್ಯಾಹ್ನ ಠಾಣೆಯಲ್ಲಿ ತೋರಿಸಿದರೆ ಲೈಸೆನ್ಸ್ ನವೀಕರಣ. ಅವತ್ತು ಸಂಜೆ ಅದಕ್ಕೆ ಎಣ್ಣೆ ಹಾಕಿ, ಒರೆಸಿ, ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದಳು.

ಪಕ್ಕದ ತೋಟದ ಪುಟ್ಟೇಗೌಡರು ಬೆಳಿಗ್ಗೆಯೇ ನನ್ನ ತಲೆಗೆ ಹುಳ ಬಿಟ್ಟಿದ್ದರು. "ಹಳೇ ರೈಫಲ್ಲಿಗೆ ಹೆಡ್‌ಸ್ಪೇಸ್ ನೋಡ್ಬೇಕು ಮಾರಾಯ. ಗುಂಡಿನ ತೋಟಾಕ್ಕೂ ಅದನ್ನ ಹಿಂದಿನಿಂದ ಮುಚ್ಚೋ ಬೋಲ್ಟಿಗೂ ಮಧ್ಯೆ ಸಂದು ಜಾಸ್ತಿ ಆಯ್ತೋ, ಹೊಡೆದವರ ಮುಖಕ್ಕೇ ಸಿಡೀತದೆ!"

ಆಗಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅಳೆಯುವ ಗೇಜ್ ನಮ್ಮಲ್ಲಿಲ್ಲ. ಮೊಬೈಲಿನಲ್ಲಿ ಯಾರೋ ಮಹಾನುಭಾವ ಉಪಾಯ ಹೇಳಿದ್ದ: ಖಾಲಿ ತೋಟಾದ ಹಿಂಭಾಗಕ್ಕೆ ಟೇಪ್ ಅಂಟಿಸಿ ಒಳಗೆ ಹಾಕು, ಬೋಲ್ಟ್ ಮುಚ್ಚದಿದ್ದರೆ ಸಂದು ಕಮ್ಮಿ, ಕ್ಷೇಮ; ಮುಚ್ಚಿದರೆ ಅಪಾಯ. ಟೇಪ್ ಅಂದರೆ ಟೇಪ್! ಕಾಳುಮೆಣಸಿನ ಬಳ್ಳಿಗೆ ಕಸಿ ಕಟ್ಟುವ ಹಸಿರು ಟೇಪ್ ಕೈಗೆ ಸಿಕ್ಕಿತು.

ಒಂದು ಪದರ. ಮುಚ್ಚಿತು. ಎರಡು. ಮುಚ್ಚಿತು. ನಾಲ್ಕು. ಅಯ್ಯೋ ದೇವರೇ, ಅದೂ ಮುಚ್ಚಿತು! ಅಂಗಳಕ್ಕೆ ಹೋಗಿ ಬಂದೆ, ನೀರು ಕುಡಿದೆ, ಮತ್ತೆ ಅಂಗಳಕ್ಕೆ ಹೋದೆ. ಕಸಿ ಟೇಪ್ ಎಳೆದಷ್ಟೂ ಹಿಗ್ಗುತ್ತದೆ, ಒತ್ತಿದಷ್ಟೂ ತೆಳ್ಳಗಾಗುತ್ತದೆ ಎಂಬುದು, ಇಪ್ಪತ್ತು ವರ್ಷ ಬಳ್ಳಿ ಕಟ್ಟಿದ ನನಗೆ ಹೊಳೆಯಲೇ ಇಲ್ಲ! ಏಳನೇ ಪದರಕ್ಕೆ ಮೈಭಾರವೆಲ್ಲ ಬಿಟ್ಟು ಅದುಮಿದೆ. ಮುಚ್ಚಿತು. ಆಮೇಲೆ ತೆರೆಯಲಿಲ್ಲ.

"ಏನ್ ಮಾಡ್ತಿದ್ದೀರಿ?" ಸುಜಾತ ಬಾಗಿಲಲ್ಲಿದ್ದಳು.

"ಸುರಕ್ಷತಾ ತಪಾಸಣೆ."

ಬೋಲ್ಟ್ ಎಳೆದು ನೋಡಿದಳು. ಅಲ್ಲಾಡಲಿಲ್ಲ. "ಅಪ್ಪನ ಕೋವಿ ಕಣ್ರೀ ಇದು!" ಎಂದಳು. ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಚಿಕ್ಕಮಗಳೂರಿನಲ್ಲಿ ಕೋವಿ ರಿಪೇರಿಯ ರಹೀಮ್ ಸಾಬರು ಅಂಗಡಿ ತೆರೆಯುವ ಮೊದಲೇ ನಾವಿಬ್ಬರೂ ಹಾಜರು. ಅವರು ಬೋಲ್ಟ್ ಬಿಡಿಸಿ, ಚಿಮಟದಲ್ಲಿ ಹಸಿರು ಟೇಪ್ ಎಳೆದರು. ಎಳೆದರು. ಎಳೆಯುತ್ತಲೇ ಇದ್ದರು!

"ಯಾವ ತಳಿ ಮೆಣಸು ಕಸಿ ಮಾಡಿದ್ರಿ ಸಾರ್ ಇದ್ರಲ್ಲಿ?"

ನಾನು ಗೋಡೆ ನೋಡಿದೆ. ಅವರು ನಿಜವಾದ ಗೇಜ್ ಹಾಕಿ ಪರೀಕ್ಷಿಸಿ, "ಕೋವಿಗೆ ಏನೂ ಆಗಿಲ್ಲಮ್ಮ, ಮೊದ್ಲೂ ಏನೂ ಆಗಿರ್ಲಿಲ್ಲ" ಎಂದರು. ಸುಜಾತ ಆಗ ಉಸಿರು ಬಿಟ್ಟಳು.

ಮಧ್ಯಾಹ್ನ ಠಾಣೆಯಲ್ಲಿ ಅಧಿಕಾರಿ ಬೋಲ್ಟ್ ಆಡಿಸಿ ಮೆಚ್ಚಿಕೊಂಡರು. "ಇಷ್ಟು ಹಳೇದನ್ನ ಹೇಗ್ ಕಾಪಾಡಿದ್ದೀರಿ ಮೇಡಂ?"

"ಮನೇಲಿರೋ ಬುದ್ಧಿವಂತರ ಕೈಗೆ ಕೊಡಲ್ಲ ಸಾರ್."

ಆ ಬುದ್ಧಿವಂತ ಯಾರೆಂದು ಅವರು ಕೇಳಲಿಲ್ಲ. ಅವಳ ವ್ಯಾನಿಟಿ ಬ್ಯಾಗ್ ಹಿಡಿದು ನಿಂತಿದ್ದ ನನ್ನನ್ನು ಒಮ್ಮೆ ನೋಡಿ, ಸೀಲು ಒತ್ತಿದರು.