ಗುಡ್ಡದ ಮೆಟ್ಟಿಲ ಮೇಲೆ ಪಿ.ಟಿ. ಮಾಸ್ತರ

ಶಿಳ್ಳೆ ಊದುವವನು ತಾನು ಓಡಬೇಕಾಗಿಲ್ಲ ಎಂಬ ಸತ್ಯವನ್ನು ನಾನು ನೌಕರಿಗೆ ಸೇರಿದ ಮೊದಲ ವರ್ಷವೇ ಕಂಡುಕೊಂಡೆ. ನರಗುಂದದ ಹೈಸ್ಕೂಲೊಂದರಲ್ಲಿ ನಾನು ದೈಹಿಕ ಶಿಕ್ಷಕ. ಊರವರ ಬಾಯಲ್ಲಿ ಪಿ.ಟಿ. ಮಾಸ್ತರ. ಇಪ್ಪತ್ತಾರು ವರ್ಷಗಳಿಂದ ಬೇವಿನ ಮರದ ನೆರಳಲ್ಲಿ ನಿಂತು ಶಿಳ್ಳೆ ಊದುತ್ತಿದ್ದೇನೆ, ಮಕ್ಕಳು ಮೈದಾನ ಸುತ್ತುತ್ತಿದ್ದಾರೆ. ಅವರ ಬೆವರಿನಲ್ಲಿ ನನಗೂ ಒಂದು ಪಾಲಿದೆ ಎಂದೇ ನಂಬಿಕೊಂಡಿದ್ದೆ. ಈ ನಡುವೆ ಯಾವಾಗಲೋ ಹೊಟ್ಟೆ ಮುಂದೆ ಬಂತು. ಒಮ್ಮೆಲೇ ಬಂದಿದ್ದರೆ ಗಾಬರಿಯಾಗುತ್ತಿತ್ತೇನೋ. ಅದು ಸಂಭಾವಿತ ಬಾಡಿಗೆದಾರನ ಹಾಗೆ ಸದ್ದಿಲ್ಲದೆ ಬಂದು ನೆಲೆಸಿತು. ಆದರೂ ಯಾರೂ ಅದಕ್ಕೆ ಹೊಟ್ಟೆ ಎನ್ನಲಿಲ್ಲ. ಕಿರಾಣಿ ಅಂಗಡಿಯವನಿಗಿದ್ದರೆ ಹೊಟ್ಟೆ, ಪಿ.ಟಿ. ಮಾಸ್ತರನಿಗಿದ್ದರೆ ಮೈಕಟ್ಟು.

ಹೀಗೆ ಸುಖವಾಗಿದ್ದಾಗ ನನ್ನ ಹೆಂಡತಿ ಶಾಂತಾಳಿಗೆ ಶುಗರ್ ಬಂದಿದೆ ಎಂದು ಗೊತ್ತಾಯಿತು. ಡಾಕ್ಟರು ಚೀಟಿ ಬರೆಯುತ್ತಾ, "ಬಾಯಾರ, ದಿನಾ ಮುಂಜಾನೆ ಅರ್ಧಾ ತಾಸ ನಡೀರಿ. ಮನಿಯಾಗ ಪಿ.ಟಿ. ಮಾಸ್ತರ ಇದ್ದಾರಲ್ಲ, ನಾ ಏನ್ ಹೆಚ್ಚಿಂದು ಹೇಳ್ಲಿ?" ಎಂದು ನನ್ನತ್ತ ನೋಡಿ ನಕ್ಕರು. ನನಗೆ ಎದೆ ಉಬ್ಬಿತು. ನಡೆಯುವುದೇನು ಮಹಾ, ಗುಡ್ಡವನ್ನೇ ಹತ್ತಿಸುತ್ತೇನೆ ಎಂದುಬಿಟ್ಟೆ. ಊರ ನೆತ್ತಿಯ ಮೇಲೆ ಗುಡ್ಡ ಕೂತಿದೆ, ಮೆಟ್ಟಿಲುಗಳಿವೆ. ಮನೆಯಂಗಳದಿಂದ ನೋಡಿದರೆ ಎರಡು ಶಿಳ್ಳೆಯ ದೂರ. ದವಾಖಾನೆಯಿಂದ ಬರುವಾಗ ಶಾಂತಾ ಮೆಲ್ಲಗೆ, "ಗುಡ್ಡ ಯಾಕ್ರೀ? ರೋಣದ ರಸ್ತೇದಾಗ ಸಪಾಟ ನಡದ್ರ ಆಗೂದಿಲ್ಲೇನು?" ಎಂದಳು. "ನಿನಗ ಗೊತ್ತಾಗೂದಿಲ್ಲ ಬಿಡು," ಎಂದೆ. ಆಕೆ ಹೊಳೆಮಣ್ಣೂರಿನವಳು, ಹುಡುಗಿಯಾಗಿದ್ದಾಗ ಮಲಪ್ರಭೆಯಿಂದ ದಂಡೆಯ ಏರು ಹತ್ತಿ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ನೀರು ಹೊತ್ತವಳು. ಅದು ನನಗೆ ಅಲ್ಲೇ ನೆನಪಾಗಬೇಕಿತ್ತು. ಆಗಲಿಲ್ಲ.

ಮರುದಿನ ಮುಂಜಾನೆ ನಾನು ಇಸ್ತ್ರಿ ಮಾಡಿದ ಟ್ರ್ಯಾಕ್ ಸೂಟು ತೊಟ್ಟು ಹೊರಟೆ. ಶಾಂತಾ ಸೀರೆಯ ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿ, ಮಗಳ ಹಳೆಯ ಬೂಟು ಹಾಕಿಕೊಂಡು, ಕೈಯಲ್ಲಿ ನೀರಿನ ಬಾಟಲಿ ಹಿಡಿದಿದ್ದಳು. ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಆಕೆಗೆ ಉಸಿರಾಟದ ಬಗ್ಗೆ ಸಣ್ಣದೊಂದು ಪಾಠ ಮಾಡಿದೆ: ಮೂಗಿನಿಂದ ಒಳಗೆ, ಬಾಯಿಂದ ಹೊರಗೆ, ಮೊದಲಿಗೇ ಅವಸರ ಕೂಡದು. ಆಕೆ ವಿಧೇಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿ ಹತ್ತತೊಡಗಿದಳು. ಹಾದಿಯುದ್ದಕ್ಕೂ ಆಕೆಯ ಮಾತು ಬೇರೆ: ರೊಟ್ಟಿ ಹಿಟ್ಟು ಮುಗಿಯುತ್ತ ಬಂದಿದೆ, ಮಗಳ ಪರೀಕ್ಷೆ ಹತ್ತಿರ ಬಂತು, ಗಜೇಂದ್ರಗಡದ ಅಕ್ಕ ಸೀರೆ ನೋಡಲು ಕರೆದಿದ್ದಾಳೆ. ಮೊದಮೊದಲು ನಾನು ಪೂರಾ ವಾಕ್ಯಗಳಲ್ಲಿ ಉತ್ತರಿಸಿದೆ. ಆಮೇಲೆ "ಹೌದು" ಎಂದೆ. ಆಮೇಲೆ "ಹ್ಞೂಂ" ಮಾತ್ರ ಉಳಿಯಿತು. ಅರ್ಧ ಹಾದಿಗೆ ಬರುವಷ್ಟರಲ್ಲಿ ಅದೂ ಹೋಯಿತು. ಕಿವಿಯಲ್ಲಿ ಡೊಳ್ಳು ಬಾರಿಸಿದ ಸದ್ದು. ಪಕ್ಕದ ಕಲ್ಲೊಂದನ್ನು ಹಿಡಿದು ಕುಸಿದು ಕೂತೆ.

ಇಪ್ಪತ್ತು ಮೆಟ್ಟಿಲು ಮೇಲಿದ್ದ ಶಾಂತಾ ತಿರುಗಿ ನೋಡಿದಳು. "ಯಾಕ್ರೀ, ಕುಂತ್ರಿ?"

"ಏನಿಲ್ಲ... ಇಲ್ಲಿಂದ ಊರು... ಚಲೋ ಕಾಣತೈತಿ."

"ಊರು ನಿಮ್ಮ ಬೆನ್ನ ಹಿಂದ ಐತ್ರಿ. ನೀವು ಕಲ್ಲ ನೋಡಾಕತ್ತೀರಿ."

ನಗುತ್ತಲೇ ಇಳಿದು ಬಂದವಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ನನ್ನ ಎದೆಯ ಮೇಲೆ ಕೈಯಿಟ್ಟಳು. "ಎದಿ ನೋವು ಏನರ ಐತೇನ್ರಿ? ಖರೇ ಹೇಳ್ರಿ ನನ್ನ ಮುಂದ."

"ನೋವಿಲ್ಲ. ದಮ್ಮು ಹತ್ತೇತಿ, ಅಷ್ಟ." ಇಷ್ಟು ವರ್ಷದ ಸಂಸಾರದಲ್ಲಿ ನಾನು ಆಕೆಯೆದುರು ಹೀಗೆ ಒಪ್ಪಿಕೊಂಡದ್ದು ಅದೇ ಮೊದಲು. ಆಕೆ ಸೆರಗಿನಿಂದ ನನ್ನ ಹಣೆ ಒರೆಸಿ, ಮಗುವಿಗೆ ಕುಡಿಸಿದ ಹಾಗೆ ಗುಟುಕು ಗುಟುಕಾಗಿ ನೀರು ಕುಡಿಸಿದಳು. ಏನೂ ಬೈಯಲಿಲ್ಲ. ಅದರಿಂದಲೇ ಆಕೆಗೆ ಎಷ್ಟು ಹೆದರಿಕೆಯಾಗಿದೆ ಎಂದು ನನಗೆ ತಿಳಿಯಿತು.

ಅಷ್ಟರಲ್ಲಿ ಮೇಲಿನಿಂದ ದಡದಡ ಸದ್ದು. ನನ್ನ ಹಳೆಯ ವಿದ್ಯಾರ್ಥಿನಿ ಗಿರಿಜಾ. ಪೊಲೀಸ್ ಭರ್ತಿಗೆಂದು ದಿನವೂ ಗುಡ್ಡ ಹತ್ತಿ ಇಳಿಯುವ ಹುಡುಗಿ. "ನಮಸ್ಕಾರ್ರೀ ಸರ್ರ! ಯಾಕ್ರಿ, ಇಲ್ಲೆ ಕುಂತೀರಿ?" ಎಂದಳು.

ನಾನು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಶಾಂತಾ ಥಟ್ಟನೆ ನನ್ನ ಪಕ್ಕದಲ್ಲಿ ಕುಕ್ಕರಿಸಿ, ಮೊಣಕಾಲು ಹಿಡಿದುಕೊಂಡು, "ನನ್ನ ಸಲುವಾಗಿ ಕುಂತಾರವ್ವ. ನನಗ ಏರಾಕ ಆಗವಲ್ದು. ಪಾಪ, ಅವರು ಇಷ್ಟೊತ್ತಿಗೆ ತುದೀಗೆ ಹೋಗಿ ಬರ್ತಿದ್ರು," ಎಂದು ನರಳಿದಳು.

ಗಿರಿಜಾಳ ಕಣ್ಣಲ್ಲಿ ನನ್ನ ಮೇಲಿನ ಗೌರವ ಒಂದು ಗೇಣು ಬೆಳೆದದ್ದನ್ನು ನಾನೇ ಕಂಡೆ. "ಅಕ್ಕಾರ, ಸರ್ ಹೇಳಿದಂಗ ಮಾಡ್ರಿ, ಹದಿನೈದ ದಿನದಾಗ ರೂಢಿ ಆಗತೈತಿ," ಎಂದು ಧೈರ್ಯ ಹೇಳಿ ಇಳಿದು ಹೋದಳು. ಆಕೆ ಮರೆಯಾದ ಮೇಲೆ ಶಾಂತಾ ಎದ್ದು ಸೀರೆಯ ಧೂಳು ಕೊಡವಿಕೊಂಡಳು. "ಈಗ ಸಾವಕಾಶ ಇಳಿಯೂಣು. ಸೀದಾ ದವಾಖಾನಿಗೆ. ಇವತ್ತ ನಿಮ್ಮ ರಕ್ತಾನೂ ತಪಾಸಣಿಗೆ ಕೊಡೂಣು," ಎಂದಳು. ನಾನು ಆಕೆಯ ಹೆಗಲು ಹಿಡಿದು ಇಳಿಯತೊಡಗಿದೆ.

ಹೃದಯ ಗಟ್ಟಿಯಾಗಿಯೇ ಇತ್ತು. ಸಕ್ಕರೆ ಮಾತ್ರ ಆಕೆಯದಕ್ಕಿಂತ ಒಂದು ಕೈ ಮೇಲು. ಡಾಕ್ಟರು ಈ ಸಲ ನಗಲಿಲ್ಲ. ಮೊದಲು ಸಪಾಟು ರಸ್ತೆ, ಆಮೇಲೆ ಸ್ವಲ್ಪ ಸ್ವಲ್ಪ ಮೆಟ್ಟಿಲು ಎಂದು ತಾಕೀತು ಮಾಡಿದರು. ಮನೆಯಲ್ಲಿ ಮಗಳು ವಿಷಯ ಕೇಳಿ, "ಅಪ್ಪಾ, ಅವ್ವ ನಿನ್ನ ಸಲುವಾಗಿ ಸುಳ್ಳ ಹೇಳಿದ್ಲಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಾಂತಾ ಒಲೆಯ ಕಡೆ ತಿರುಗಿ, "ಸುಳ್ಳ ಯಾಕ? ನನಗೂ ಕಾಲ ನೋವು ಇತ್ತು," ಎಂದಳು.

ಎರಡು ತಿಂಗಳು ರೋಣದ ರಸ್ತೆ ಸವೆಸಿ, ಈಗ ನಾವು ಮತ್ತೆ ಗುಡ್ಡ ಹತ್ತುತ್ತಿದ್ದೇವೆ. ಒಂದು ವಿಚಿತ್ರ ಕಂಡಿದ್ದೇನೆ. ನನ್ನ ಉಸಿರು ಎಲ್ಲಿ ಮುಗಿಯುತ್ತದೋ ಸರಿಯಾಗಿ ಅದೇ ಮೆಟ್ಟಿಲ ಮೇಲೆ ಶಾಂತಾಳಿಗೆ ಕಾಲು ನೋಯುತ್ತದೆ. "ಇನ್ನ ಆಗೂದಿಲ್ರಿ, ಒಂದೀಟು ಕುಂಡ್ರೂಣು," ಎನ್ನುತ್ತಾಳೆ. "ಇಷ್ಟಕ್ಕ ದಣದಿ?" ಎಂದು ನಾನು ಗದರುತ್ತೇನೆ. ಆದರೆ ಗದರಿಕೆ ಮುಗಿಯುವ ಮೊದಲೇ ಕೂತಿರುತ್ತೇನೆ.